ಬೇಡ ಅಂದವಳು

ಅಪಘಾತವಾದ ಹದಿನೆಂಟನೆಯ ದಿನ ಡಾಕ್ಟರ್ ಕೇದಾರ್ ಮನೆಯವರನ್ನೆಲ್ಲ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿಕೊಂಡು, ವಿಶ್ವಾರಾಧ್ಯನ ಕತ್ತಿನಲ್ಲಿ ತೂತು ಮಾಡಬೇಕಾಗುತ್ತದೆ ಎಂದರು. ಬಾಯಿಯಿಂದ ಇಳಿಸಿರುವ ಕೊಳವೆಯನ್ನು ಇನ್ನು ಹೆಚ್ಚು ದಿನ ಇಡುವಂತಿಲ್ಲ. ಕತ್ತಿನಿಂದಲೇ ಉಸಿರಿಗೆ ದಾರಿ ಮಾಡಿದರೆ ನಿಧಾನವಾಗಿ ವೆಂಟಿಲೇಟರ್ ಬಿಡಿಸಬಹುದು. ಅದಕ್ಕೆ ಮನೆಯವರ ಸಹಿ ಬೇಕು.

"ಮಾಡಿ ಡಾಕ್ಟ್ರೇ, ಏನೇನು ಬೇಕೋ ಎಲ್ಲಾ ಮಾಡಿ," ಎಂದು ತಾಯಿ ಬಸವಮ್ಮ ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡೇ ಬಿಟ್ಟರು.

ಹೆಂಡತಿ ಸರ್ವಮಂಗಳಾ ಒಂದೇ ಒಂದು ಪ್ರಶ್ನೆ ಕೇಳಿದಳು. "ಮಾಡದೇ ಇದ್ರೆ ಏನಾಗುತ್ತೆ ಸರ್?"

ಅವಳು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಯಾವ ಲೆಕ್ಕವನ್ನೂ ಎರಡು ಕಡೆಯಿಂದ ಮಾಡಿ ನೋಡುವುದು ಅವಳ ಅಭ್ಯಾಸ. ಆದರೆ ಆಸ್ಪತ್ರೆಯಲ್ಲಿ, ಅದೂ ಅತ್ತೆಯ ಎದುರಿಗೆ, ಅಂಥ ಅಭ್ಯಾಸಗಳನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರಬೇಕಿತ್ತು.

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ತಲೆಗೆ ಬಿದ್ದಿರೋ ಪೆಟ್ಟು ತುಂಬಾ ಜೋರಾಗಿದೆ ಅಮ್ಮ. ಮುಂದೆ ಕಣ್ಣು ಬಿಡಬಹುದು. ಆದ್ರೆ ಕಣ್ಣು ಬಿಡೋದೇ ಬೇರೆ, ಗುರುತು ಹಿಡಿಯೋದೇ ಬೇರೆ. ವರ್ಷ ಕಳೆದ್ರೂ ಹೀಗೇ ಇರಬಹುದು. ಕೆಲವು ಮನೆಯವರು ಇಲ್ಲಿಗೇ ಸಾಕು ಅಂತಾರೆ. ಅದೂ ತಪ್ಪಲ್ಲ."

"ಯಾರ ಮನೆಯವರೋ ಅನ್ನಬಹುದು, ನಮ್ಮ ಮನೇಲಿ ಅನ್ನಲ್ಲ," ಎಂದರು ಬಸವಮ್ಮ.

ಸರ್ವಮಂಗಳಾ ಸಹಿ ಹಾಕಿದಳು. ಆದರೆ ಆಟೋದಲ್ಲಿ ಮನೆಗೆ ಬರುವಷ್ಟರಲ್ಲಿ ಸಹಿ ಮರೆತುಹೋಗಿ ಪ್ರಶ್ನೆಯೊಂದೇ ಉಳಿದಿತ್ತು. "ಮಾಡದೇ ಇದ್ರೆ ಅಂತ ಕೇಳಿದಳಲ್ಲ ರೀ. ಕಟ್ಟಿಕೊಂಡವಳ ಬಾಯಲ್ಲಿ ಆ ಮಾತು ಹೇಗಾದ್ರೂ ಬಂತು!" ಎಂದು ಬಸವಮ್ಮ ಗಂಡನಿಗೆ ಹೇಳಿದರು. ಸೊಸೆ ಅದೇ ಆಟೋದಲ್ಲಿ ಅವರ ಮಗ್ಗುಲಲ್ಲೇ ಕೂತಿದ್ದಳು. ಅಂದಿನಿಂದ ಅತ್ತೆ ಸೊಸೆಯ ಜೊತೆ ನೇರವಾಗಿ ಮಾತಾಡುವುದನ್ನು ಬಿಟ್ಟರು.

ವಿಶ್ವಾರಾಧ್ಯನಿಗೆ ನಲವತ್ತೆರಡು ವರ್ಷ. ಅಪ್ಪ ಪಂಚಾಕ್ಷರಯ್ಯನವರ ಜೊತೆ ತರಗುಪೇಟೆಯ ಬೆಲ್ಲದ ಮಂಡಿ ನೋಡಿಕೊಳ್ಳುತ್ತಿದ್ದ. ಮಂಡಿಯಿಂದ ಚಾಮರಾಜಪೇಟೆಯ ಮನೆಗೆ ಸ್ಕೂಟರಿನಲ್ಲಿ ಎಂಟು ನಿಮಿಷ. ಎಂಟು ನಿಮಿಷದ ದಾರಿಗೆ ತಲೆಗೇಕೆ ಭಾರ ಎಂದು ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿಕೊಂಡು ಓಡಾಡುವವರ ಪೈಕಿ ಅವನೂ ಒಬ್ಬ. ಊಟಕ್ಕೆ ಬರುತ್ತಿರುವಾಗ ನಾಯಿಯೊಂದು ಅಡ್ಡ ಬಂತು. ನಾಯಿಗೆ ಏನೂ ಆಗಲಿಲ್ಲ, ಹೆಲ್ಮೆಟ್ಟಿಗೂ ಏನೂ ಆಗಲಿಲ್ಲ. ಮಿದುಳು ಊದಿಕೊಂಡಿದ್ದರಿಂದ ಡಾಕ್ಟರುಗಳು ತಲೆಬುರುಡೆಯ ಒಂದು ತುಂಡನ್ನು ತೆಗೆದು, ಮುಂದೆ ಬೇಕಾದಾಗ ಸಿಗಲಿ ಎಂದು ಅವನ ಹೊಟ್ಟೆಯ ಚರ್ಮದಡಿಯಲ್ಲೇ ಇಟ್ಟು ಹೊಲಿದಿದ್ದರು. ಬಸವಮ್ಮನಿಗೆ ಇದೊಂದು ದೊಡ್ಡ ಧೈರ್ಯ. "ಏಳಲ್ಲ ಅನ್ನೋ ಹಾಗಿದ್ರೆ ಅಷ್ಟು ಜೋಪಾನವಾಗಿ ಎತ್ತಿಡ್ತಿದ್ರಾ?" ಎಂದು ಬಂದವರಿಗೆಲ್ಲ ಕೇಳುತ್ತಿದ್ದರು.

ಒಂದೂವರೆ ತಿಂಗಳಿಗೆ ವಿಶ್ವನನ್ನು ಮನೆಗೆ ಕರೆತಂದರು. ವೆಂಟಿಲೇಟರ್ ಬಿಟ್ಟುಹೋಗಿತ್ತು. ಕಣ್ಣು ತೆರೆದಿತ್ತು. ಆ ಕಣ್ಣು ಫ್ಯಾನನ್ನು ಹೇಗೆ ನೋಡುತ್ತಿತ್ತೋ ಮಗಳನ್ನೂ ಹಾಗೆಯೇ ನೋಡುತ್ತಿತ್ತು. ಹಾಲಿನಲ್ಲಿದ್ದ ದಿವಾನ ಮಹಡಿಗೆ ಹೋಯಿತು, ಅದರ ಜಾಗಕ್ಕೆ ಬಾಡಿಗೆಯ ಮಂಚ ಬಂತು, ಅದರ ಮೇಲೆ ಗುಂಯ್ ಎನ್ನುವ ಗಾಳಿ ಹಾಸಿಗೆ. ಕತ್ತಿನ ತೂತಿನಲ್ಲಿ ಕಫ ಕಟ್ಟಿದರೆ ಎಳೆದು ತೆಗೆಯಲು ಒಂದು ಮಿಷನ್ನು. ಮೂಗಿನಿಂದ ಹೊಟ್ಟೆಗೆ ಇಳಿದ ಸಣ್ಣ ಟ್ಯೂಬು, ಊಟವೆಲ್ಲ ಅದರಲ್ಲೇ. ಬಸವಮ್ಮ ರಾಗಿ ಗಂಜಿ ಕಾಯಿಸಿ, ತಣಿಸಿ, ಹಳೆಯ ಪಂಚೆಯ ಬಟ್ಟೆಯಲ್ಲಿ ಎರಡು ಸಲ ಸೋಸಿ ಕೊಡುತ್ತಿದ್ದರು. ಸರ್ವಮಂಗಳಾ ಅದನ್ನು ಟ್ಯೂಬಿಗೆ ಬಿಡುತ್ತಿದ್ದಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಪಂಚಾಕ್ಷರಯ್ಯನವರೂ ಸೊಸೆಯೂ ಸೇರಿ. ಎಪ್ಪತ್ತೆರಡರ ಮುದುಕರು ಮಗನ ಸೊಂಟಕ್ಕೆ ಕೈ ಹಾಕಿ, "ಏಳು ಸ್ವಾಮಿ, ಸ್ವಲ್ಪ ಈ ಕಡೆಗೆ," ಎಂದು ಮೂಟೆ ಹೊರುವವರಿಗೆ ಹೇಳುವಂತೆ ಹೇಳುತ್ತಿದ್ದರು.

ಕೆಲಸಕ್ಕೇನೂ ಕೊರತೆಯಿರಲಿಲ್ಲ, ಮಾತಿಗೆ ಮಾತ್ರ ಬರ. ಇದ್ದ ಮಾತೆಲ್ಲ ಎಂಟನೇ ಕ್ಲಾಸಿನ ಸಾನ್ವಿಯ ಮೂಲಕ ಸಾಗಬೇಕು.

"ಸಾನ್ವಿ, ನಿಮ್ಮಮ್ಮನಿಗೆ ಹೇಳು, ಸಾರಿಗೆ ಉಪ್ಪು ಜಾಸ್ತಿ ಆಗಿದೆ."

"ಅಜ್ಜಿ, ಅಮ್ಮ ಇಲ್ಲೇ ಬಡಿಸ್ತಿದಾರೆ."

"ಅದಕ್ಕೇ ಹೇಳು ಅಂದೆ."

"ಸಾನ್ವಿ, ನಿಮ್ಮಜ್ಜಿಗೆ ಮಜ್ಜಿಗೆ ಹಾಕ್ಕೊಳ್ಳೋಕೆ ಹೇಳು. ಸರಿ ಹೋಗುತ್ತೆ."

ಪಂಚಾಕ್ಷರಯ್ಯನವರು ತಟ್ಟೆಯಿಂದ ತಲೆ ಎತ್ತದೆ, "ಇಬ್ಬರೂ ಸುಮ್ಮನೆ ಉಣ್ಣಿ," ಎನ್ನುತ್ತಿದ್ದರು.

ಜೋರು ಜಗಳ ಆದದ್ದು ಮಾತ್ರ ಪೂಜೆಯ ವಿಷಯಕ್ಕೆ. ಅವರದು ಲಿಂಗಪೂಜೆಯಾಗದೆ ಒಂದು ಹನಿ ನೀರನ್ನೂ ಬಾಯಿಗೆ ಹಾಕದ ಮನೆ. ಅಪಘಾತದ ದಿನ ಸ್ಕ್ಯಾನಿಗೆಂದು ನರ್ಸು ವಿಶ್ವನ ಕೊರಳಿನ ಬೆಳ್ಳಿ ಕರಡಿಗೆಯನ್ನು ಲಿಂಗದ ಸಮೇತ ಬಿಚ್ಚಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟಾಗ, ಬಸವಮ್ಮ ರಕ್ತ ಕಂಡದ್ದಕ್ಕಿಂತ ಹೆಚ್ಚು ಹೆದರಿದ್ದರು. ಈಗ ಮಗ ಮನೆಗೆ ಬಂದಿದ್ದಾನೆ. ದಿನವೂ ಬೆಳಿಗ್ಗೆ ಅವರು ಮಗನ ಎಡಗೈಯನ್ನು ತಮ್ಮ ಕೈಯ ಮೇಲಿಟ್ಟುಕೊಂಡು, ಅವನ ಅಂಗೈಯಲ್ಲಿ ಅವನ ಲಿಂಗವನ್ನಿರಿಸಿ, ವಿಭೂತಿ ಧರಿಸಿ, ಪತ್ರೆ ಏರಿಸಿ, ಒಂದು ಉದ್ಧರಣೆ ನೀರು ಬಿಡುತ್ತಿದ್ದರು. ಆ ನೀರೇ ಪಾದೋದಕ. ಅದನ್ನು ತೆಗೆದುಕೊಂಡ ಮೇಲೆ ತಾನೇ ಊಟ?

"ಟ್ಯೂಬಲ್ಲಿ ಬಿಡೋಣ ಅತ್ತೆ. ಹೊಟ್ಟೆಗೇ ಹೋಗುತ್ತೆ," ಎಂದಳು ಸರ್ವಮಂಗಳಾ.

ಬಸವಮ್ಮನ ಮೌನವ್ರತ ಮುರಿಯಿತು. "ಮೂಗಲ್ಲಿ ಪಾದೋದಕ ಬಿಡೋದಾ? ಯಾವ ಮನೇಲಿ ಬೆಳೆದವಳೇ ನೀನು?"

"ಬಾಯಿಗೆ ಏನೂ ಕೊಡಬಾರದು ಅಂತ ಬರೆದು ಕಳಿಸಿದಾರೆ. ನುಂಗೋದು ಅವರಿಗೆ ಗೊತ್ತಾಗಲ್ಲ, ಶ್ವಾಸಕೋಶಕ್ಕೆ ಹೋಗುತ್ತೆ."

"ಲಿಂಗದ ಮೇಲಿಂದ ಬಂದ ನೀರು ಎಲ್ಲಿಗೆ ಹೋಗಬೇಕು ಅಂತ ಅದಕ್ಕೆ ಗೊತ್ತಿಲ್ವಾ?"

ಪಂಚಾಕ್ಷರಯ್ಯನವರು ನಡುವೆ ಬಂದು, ಹಣೆಗೂ ಕಣ್ಣಿಗೂ ಒತ್ತಿದರೆ ಸಾಕು ಎಂದು ತೀರ್ಮಾನ ಮಾಡಿದರು. ಸರ್ವಮಂಗಳಾ ಆಸ್ಪತ್ರೆಯವರು ಕೊಟ್ಟಿದ್ದ ಚೀಟಿಯನ್ನು ಮಂಚದ ತಲೆದಿಕ್ಕಿನ ಗೋಡೆಗೆ ಅಂಟಿಸಿದಳು. ಮಾರನೆಯ ದಿನ ಅದರ ಮೇಲೆ ಪಂಚಾಂಗದ ಕ್ಯಾಲೆಂಡರ್ ನೇತಾಡುತ್ತಿತ್ತು.

ಎರಡು ವಾರ ಕಳೆದು ಅವಳ ರಜೆ ಮುಗಿಯಿತು. ಮಂಡಿ ಅರ್ಧ ಮುಚ್ಚಿದಂತೆಯೇ ಇದ್ದುದರಿಂದ ಅವಳ ಸಂಬಳ ಬಿಡುವಂತಿರಲಿಲ್ಲ. ಎಂಟಕ್ಕೆ ಹೊರಟರೆ ಮಧ್ಯಾಹ್ನ ಎರಡಕ್ಕೆ ಬರುತ್ತಿದ್ದಳು. ಬಸವಮ್ಮ ಮಗನ ಪೂಜೆಯನ್ನು ಎಂಟೂವರೆಗೆ ಸರಿಸಿಕೊಂಡರು. ಮೊದಲ ದಿನ ಬಾಯಿಗೆ ಒಂದೇ ಹನಿ. ಮಗನ ಗಂಟಲಿನ ಗುಂಡಿ ಮೇಲೆದ್ದು ಇಳಿಯಿತು. ನಲವತ್ತೆರಡು ವರ್ಷದ ಹಿಂದೆ ಮೊದಲ ಗುಟುಕು ಹಾಲು ಇಳಿದಾಗ ನೋಡಿದ್ದ ಗಂಟಲು ಅದು. ಬಸವಮ್ಮ ಮಂಚದ ಕಾಲು ಹಿಡಿದುಕೊಂಡು ಅತ್ತರು. ಇಷ್ಟು ದಿನದಲ್ಲಿ ಅವರಿಗಾದ ಸಂತೋಷ ಅದೊಂದೇ. ಆಮೇಲೆ ಒಂದು ಚಮಚವಾಯಿತು, ಎರಡಾಯಿತು. ಲಿಂಗಕ್ಕೆ ನೈವೇದ್ಯ ಮಾಡಿದ ಬೆಲ್ಲದ ಪಾನಕವೂ ಸೇರಿತು. ಬೆಲ್ಲದ ಮಂಡಿಯ ಮಗನಿಗೆ ಬರೀ ನೀರೇಕೆ?

ದಸರೆಯ ರಜೆಯಲ್ಲೂ ಸರ್ವಮಂಗಳಾ ಹತ್ತನೇ ಕ್ಲಾಸಿನವರ ಸ್ಪೆಷಲ್ ಕ್ಲಾಸಿಗೆ ಹೋಗಬೇಕಿತ್ತು. ಮನೆಯಲ್ಲೇ ಇದ್ದ ಸಾನ್ವಿ ಅದನ್ನು ನೋಡಿಬಿಟ್ಟಳು.

"ಅಜ್ಜಿ! ಅಪ್ಪ ನುಂಗಿದ್ರು!"

"ಶ್! ಮೆತ್ತಗೆ. ಬಾ, ನೀನೂ ಒಂದು ಚಮಚ ಹಾಕು. ಮಗಳ ಕೈಯಿಂದ ಅಂದ್ರೆ ಇನ್ನೂ ಬೇಗ ಏಳ್ತಾನೆ."

ಸಾನ್ವಿ ಹಾಕಿದಳು. ಅಪ್ಪನ ಗಂಟಲು ಎದ್ದಿತು. ಸ್ವಲ್ಪ ಕೆಮ್ಮು ಬಂತು. "ಕೆಮ್ಮಿದ್ರೆ ಒಳ್ಳೇದು, ಜೀವ ಚುರುಕಾಗ್ತಿದೆ," ಎಂದರು ಅಜ್ಜಿ. "ನಿಮ್ಮಮ್ಮನಿಗೆ ಈಗ್ಲೇ ಹೇಳ್ಬೇಡ. ಒಂದು ಲೋಟ ಪೂರ್ತಿ ಕುಡಿದ ದಿನ ಕರೆದು ತೋರಿಸೋಣ."

ಅಮ್ಮನಿಗೆ ಖುಷಿಯಾಗಲಿ ಎಂದೇ ಆ ಹುಡುಗಿ ಬಾಯಿ ಬಿಡಲಿಲ್ಲ. ರಜೆ ಮುಗಿಯುವವರೆಗೂ ದಿನಕ್ಕೊಂದು ಚಮಚ ಅವಳದೇ.

ಮನೆಗೆ ಬಂದು ನಲವತ್ತೊಂದನೆಯ ದಿನ ಜ್ವರ ಬಂತು. ಸರ್ವಮಂಗಳಾ ಶಾಲೆಯಿಂದ ಬಂದವಳು ಬ್ಯಾಗನ್ನೂ ಇಳಿಸದೆ ಹಣೆ ಮುಟ್ಟಿ ನೋಡಿ, ಮಿಷನ್ನು ಹಾಕಿ ಕಫ ಎಳೆದಳು. ಬಾಟಲಿಗೆ ಬಂದದ್ದು ಕಂದು ಬಣ್ಣದ ನೀರು. ಮೂಗಿನ ಹತ್ತಿರ ಹಿಡಿದಳು. ಬೆಲ್ಲದ ಮನೆಗೆ ಸೊಸೆಯಾಗಿ ಬಂದು ಹದಿನೈದು ವರ್ಷವಾಗಿತ್ತು. ಆ ವಾಸನೆಯನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಏನು ಕೊಟ್ರಿ ಅತ್ತೆ?"

ಬಸವಮ್ಮ ಸುಳ್ಳು ಹೇಳಲಿಲ್ಲ. "ಪ್ರಸಾದ ಕೊಟ್ಟೆ. ನುಂಗ್ತಾನೆ ಕಣೇ. ನಾನು ಕಣ್ಣಾರೆ ನೋಡಿದೀನಿ. ನಿನಗೆ ನಂಬಿಕೆ ಇಲ್ಲದೇ ಇದ್ರೆ ಈಗ್ಲೇ..."

"ಎಷ್ಟು ದಿನದಿಂದ?"

"ನೀನು ಸ್ಕೂಲಿಗೆ ಹೋದಾಗಿನಿಂದ."

ಸರ್ವಮಂಗಳೆಗೆ ಮೈಯೆಲ್ಲ ಉರಿದುಹೋಯಿತು. ಹಗಲೂ ಇರುಳೂ ತೇದದ್ದೆಲ್ಲ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದ ಹಾಗಾಯಿತಲ್ಲ! "ನಿಮ್ಮ ಭಕ್ತಿಗೆ ಇಷ್ಟು ಬೆಂಕಿ ಹಾಕ! ಅವರನ್ನ ಸಾಯಿಸ್ತಿದೀರಿ ನೀವು, ನಿಮ್ಮ ಕೈಯಾರೆ..." ಎಂದು ಕೂಗಿದಳು. ಎಂದೂ ಹಾಗೆ ಕೂಗಿದವಳಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸಾನ್ವಿ ಬೆಳ್ಳಗಾಗಿದ್ದಳು. "ಅಮ್ಮ, ನಾನೂ ಕೊಟ್ಟೆ," ಎಂದಳು. "ದಸರಾ ರಜೇಲಿ ಪೂರ್ತಿ ನಾನೇ ಕೊಟ್ಟೆ."

ಸರ್ವಮಂಗಳಾ ಮಗಳನ್ನು ನೋಡಿದಳು, ಬಾಟಲಿಯನ್ನು ನೋಡಿದಳು. ಆಮೇಲೆ ಮಾವನಿಗೆ ಫೋನ್ ಮಾಡಿ ಆಂಬ್ಯುಲೆನ್ಸ್ ಕರೆಸಲು ಹೇಳಿದಳು.

ಎರಡು ದಿನ ಔಷಧ ಕೊಟ್ಟು ನೋಡಿದ ಮೇಲೆ ಡಾಕ್ಟರ್ ಕೇದಾರ್ ಅದೇ ಸಣ್ಣ ಕೋಣೆಗೆ ಕರೆದರು. ಮನೆಯಲ್ಲಿ ಒಬ್ಬಳೇ ಇರಲಾರೆನೆಂದು ಅತ್ತಿದ್ದರಿಂದ ಸಾನ್ವಿಯೂ ಬಂದಿದ್ದಳು. ಬಲಗಡೆಯ ಶ್ವಾಸಕೋಶ ಪೂರ್ತಿ ತುಂಬಿಹೋಗಿದೆ, ಎಡಗಡೆಗೂ ಹಬ್ಬುತ್ತಿದೆ ಎಂದರು.

"ಬಾಯಿಂದ ಏನಾದ್ರೂ ಕೊಡ್ತಿದ್ರಾ?"

"ನಮ್ಮ ಮನೇಲಿ ಅಂಥದ್ದೆಲ್ಲ..." ಎಂದು ಪಂಚಾಕ್ಷರಯ್ಯನವರು ಶುರುಮಾಡಿದರು. ಅವರಿಗೆ ಗೊತ್ತಿರಲಿಲ್ಲ. ಅವರು ಬೆಳಿಗ್ಗೆ ಮಂಡಿಯಲ್ಲಿರುತ್ತಿದ್ದರು.

"ನಾನು ಕೊಡ್ತಿದ್ದೆ," ಎಂದರು ಬಸವಮ್ಮ. "ನುಂಗ್ತಿದ್ದ ಡಾಕ್ಟ್ರೇ. ಗಂಟಲು ಏಳ್ತಿತ್ತು. ಅದು ಸುಳ್ಳಾ?"

"ಸುಳ್ಳಲ್ಲ ಅಮ್ಮ. ಗಂಟಲು ಏಳುತ್ತೆ. ಆದ್ರೆ ನೀರು ಸರಿಯಾದ ದಾರೀಲಿ ಹೋಯ್ತು ಅಂತ ಅದರ ಅರ್ಥ ಅಲ್ಲ." ಮುದುಕಿಯ ಮುಖ ನೋಡಿ ಅವರು ದನಿ ಇಳಿಸಿದರು. "ಇದರಿಂದಲೇ ಬಂತು ಅಂತ ನಾನು ಹೇಳ್ತಿಲ್ಲ. ಹೀಗೆ ಮಲಗಿರೋರಿಗೆ ಅವರ ಎಂಜಲು ನೀರಿಳಿದೂ ಬರುತ್ತೆ. ಈಗ ಕೇಳಬೇಕಾಗಿರೋದು ಅದಲ್ಲ. ಇವತ್ತೋ ನಾಳೆಯೋ ಮತ್ತೆ ವೆಂಟಿಲೇಟರ್ ಹಾಕಬೇಕಾಗುತ್ತೆ. ಹಾಕಿದ್ರೆ ಈ ಸಲ ಬಿಡಿಸೋಕಾಗುತ್ತೆ ಅಂತ ನನಗೆ ಅನಿಸ್ತಿಲ್ಲ. ಬಿಡಿಸಿದ್ರೂ ಮೊದಲಿದ್ದ ಸ್ಥಿತಿಗಿಂತ ಮೇಲೆ ಬರಲ್ಲ. ಬೇಡ ಅಂದ್ರೆ, ಇನ್ನೂ ಎರಡು ತಂಡದ ಡಾಕ್ಟರುಗಳು ನೋಡಿ ಒಪ್ಪಬೇಕು. ಉಸಿರು ಕಷ್ಟ ಆಗದ ಹಾಗೆ ಔಷಧ ಕೊಟ್ಟು ನೋಡ್ಕೊಳ್ತೀವಿ."

"ಹಾಕಿ," ಎಂದರು ಬಸವಮ್ಮ. "ಎಷ್ಟು ದಿನ ಆದ್ರೂ ಸರಿ, ಹಾಕಿ."

ಪಂಚಾಕ್ಷರಯ್ಯನವರು ಟೇಬಲಿನ ಅಂಚನ್ನು ಹಿಡಿದುಕೊಂಡಿದ್ದರು. ಐವತ್ತು ವರ್ಷ ಮಂಡಿಯಲ್ಲಿ ಕೂತು ಬೆಲ್ಲದ ಅಚ್ಚಿನ ಬಣ್ಣ ನೋಡಿಯೇ ಬೆಲೆ ಕಟ್ಟಿದ ಮನುಷ್ಯ. "ನನಗೆ ಏನೂ ತೋಚ್ತಿಲ್ಲಮ್ಮ ಮಂಗಳಾ. ನೀನು ಹೇಳು," ಎಂದರು.

"ಒಂದ್ಸಲ ನೋಡ್ಕೊಂಡು ಬರ್ತೀನಿ," ಎಂದು ಅವಳು ಎದ್ದಳು.

ವಿಶ್ವನ ಎದೆ ಪಕ್ಕೆಲುಬುಗಳ ನಡುವೆ ಒಳಕ್ಕೆ ಸೇದಿಕೊಂಡು ಮೇಲೇಳುತ್ತಿತ್ತು. ಕಣ್ಣು ಅರ್ಧ ತೆರೆದಿತ್ತು. ಅವಳು ಅವನ ಕಿವಿಯ ಹತ್ತಿರ ಬಗ್ಗಿ, "ರೀ," ಎಂದಳು. ಮತ್ತೊಮ್ಮೆ ಕರೆದಳು. ಸುಮಾರು ಮೂರು ತಿಂಗಳಲ್ಲಿ ಅವಳು ಎಷ್ಟು ಸಲ ಹೀಗೆ ಕರೆದಿದ್ದಳೋ. ಅವನು ಬೇಕಾಗಿದ್ದ ಅವಳಿಗೆ, ಎಲ್ಲರಿಗಿಂತ ಹೆಚ್ಚಾಗಿ ಅವಳಿಗೇ ಬೇಕಾಗಿದ್ದ. ರಾತ್ರಿ ಕಾಲು ಒತ್ತಿಕೊಡು ಎಂದು ರೇಗಿಸುವವನು, ಕ್ಲಾಸಿನ ಪೇಪರ್ ತಿದ್ದುವಾಗ ಪಕ್ಕದಲ್ಲಿ ಕೂತು ದಡ್ಡ ಹುಡುಗರಿಗೆ ಒಂದೊಂದು ಮಾರ್ಕು ಜಾಸ್ತಿ ಕೇಳುವವನು ಬೇಕಾಗಿದ್ದ. ಅವನು ಈ ಮಂಚದ ಮೇಲೆ ಇರಲಿಲ್ಲ. ಅವಳು ಅವನ ಬಾಯಿ ಒರೆಸಿ ಹೊರಗೆ ಬಂದಳು.

ಕಾರಿಡಾರಿನ ಬೆಂಚಿನ ಮೇಲೆ ಸಾನ್ವಿ ಮೊಣಕಾಲಿಗೆ ಮುಖ ಒತ್ತಿ ಕೂತಿದ್ದಳು. "ಅಮ್ಮ, ನಾನು ಕೊಟ್ಟಿದ್ದು ರಜೇಲಿ ಮಾತ್ರ. ಒಂಬತ್ತು ಚಮಚ. ಒಂಬತ್ತು ಚಮಚಕ್ಕೆ ಲಂಗ್ಸ್ ತುಂಬುತ್ತಾ?" ಎಂದು ಕೇಳಿದಳು.

"ಇಲ್ಲ," ಎಂದಳು ಸರ್ವಮಂಗಳಾ.

"ಅಜ್ಜಿ ಕೊಟ್ಟಿದ್ದೂ ಸೇರಿಸಿದ್ರೆ?"

ಅವಳು ಮಗಳ ತಲೆ ಸವರಿ ಒಳಗೆ ಹೋದಳು. ಡಾಕ್ಟರಿಗೆ, "ಬೇಡ ಸರ್," ಎಂದಳು.

ಬಸವಮ್ಮ ಕುರ್ಚಿಯಿಂದ ಎದ್ದು ಬಂದು ಸೊಸೆಯ ಎರಡೂ ರಟ್ಟೆ ಹಿಡಿದರು. ಜಗಳದ ಹಿಡಿತವಲ್ಲ, ಮುಳುಗುವವರ ಹಿಡಿತ. "ಬೇಡ ಅನ್ನಬೇಡ ಕಣೇ ಮಂಗಳಾ. ನಿನ್ನ ಕಾಲಿಗೆ ಬೀಳ್ತೀನಿ. ಅವನು ಈಗ ಹೋದ್ರೆ ನಾನು ಕೊಂದ ಹಾಗೆ ಆಗುತ್ತೆ. ಹೆತ್ತವಳು ಕೊಂದಳು ಅಂತ ಆಗುತ್ತೆ. ನೀನೇ ಅಂದೆಯಲ್ಲ ಮೊನ್ನೆ?"

"ಅಂದೆ. ಕೋಪದಲ್ಲಿ ಅಂದೆ."

"ನಿಜಾನೇ ಅಂದೆ."

ಸರ್ವಮಂಗಳಾ ಅತ್ತೆಯನ್ನು ಕುರ್ಚಿಗೆ ಕೂರಿಸಿ, ಎದುರಿಗೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಳು. ಬಾಗಿಲಲ್ಲಿ ಸಾನ್ವಿ ನಿಂತಿರುವುದು ಅವಳಿಗೆ ಗೊತ್ತಿತ್ತು. ಅವಳಿಗೂ ಕೇಳಿಸುವಂತೆ ನಿಧಾನವಾಗಿ ಹೇಳಿದಳು.

"ಕೇಳಿ ಅತ್ತೆ. ನೀವು ಕೊಟ್ಟಿದ್ದಕ್ಕೆ ಅವರು ಹೋಗ್ತಿಲ್ಲ. ಮಿಷನ್ ಹಾಕಿದ್ರೆ ಇನ್ನೂ ಅಷ್ಟು ದಿನ ಇರ್ತಿದ್ರು. ನಾನು ಬೇಡ ಅಂದೆ, ಅದಕ್ಕೆ ಹೋಗ್ತಿದಾರೆ. ಅಷ್ಟೇ ವಿಷಯ. ಯಾರಾದ್ರೂ ಕೇಳಿದ್ರೆ ಹಾಗೇ ಹೇಳಿ. ಮಂಗಳಾ ಬೇಡ ಅಂದಳು ಅಂತ ಹೇಳಿ. ಚಮಚದ ವಿಷಯ ಈ ಕೋಣೆ ದಾಟೋದು ಬೇಡ. ಮಾವ, ನಿಮಗೂ ಹೇಳ್ತಿದೀನಿ."

ಪಂಚಾಕ್ಷರಯ್ಯನವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಸರ್ವಮಂಗಳಾ ಎದ್ದು ಪೆನ್ನು ತೆಗೆದುಕೊಂಡಳು.

ಎರಡೂ ತಂಡದ ಡಾಕ್ಟರುಗಳು ಬಂದು ನೋಡಿ ಸಹಿ ಹಾಕಿದರು. ಮೂರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ವಿಶ್ವಾರಾಧ್ಯ ತೀರಿಕೊಂಡ. ಸರ್ವಮಂಗಳಾ ಅವನ ಕಾಲು ಹಿಡಿದುಕೊಂಡು ಕೂತಿದ್ದಳು, ಬಸವಮ್ಮ ತಲೆಯ ಹತ್ತಿರ. ಅಂದೇ ಸಂಜೆ ಬಳಗದವರು ರುದ್ರಭೂಮಿಗೆ ಕೊಂಡೊಯ್ದು ಸಮಾಧಿ ಮಾಡಿ ಬಂದರು.

ಲಿಂಗವಂತರ ಮನೆಗೆ ಸೂತಕವಿಲ್ಲ. ಮಾರನೆಯ ದಿನವೇ ಒಲೆ ಹೊತ್ತಿತು, ಬಂದವರಿಗೆ ಕಾಫಿಯಾಯಿತು. ಐದನೆಯ ದಿನ ಬಿನ್ನಿಪೇಟೆಯಿಂದ ಬಸವಮ್ಮನ ತಂಗಿ, ಅವಳ ಬೀಗಿತ್ತಿ, ಇನ್ನಿಬ್ಬರು ಹೆಂಗಸರು ಬಂದು ಹಾಲಿನಲ್ಲಿ ಕೂತರು. ಬಾಡಿಗೆ ಮಂಚ ಇನ್ನೂ ಹೋಗಿರಲಿಲ್ಲ. ಅದರ ಮೇಲೆ ಮಡಿಸಿದ ಜಮಖಾನೆಗಳನ್ನು ಪೇರಿಸಿದ್ದರು.

"ಮನೆಗೆ ಬಂದ್ಮೇಲೆ ಚೆನ್ನಾಗಿದ್ದ ಅಂದಿದ್ಯಲ್ಲೇ ಅಕ್ಕ," ಎಂದಳು ತಂಗಿ. "ಗಂಜಿ ಅರಗ್ತಿತ್ತು, ಕಣ್ಣು ಬಿಟ್ಟಿದ್ದ. ಇದ್ದಕ್ಕಿದ್ದ ಹಾಗೆ ಏನಾಯ್ತು?"

ಸರ್ವಮಂಗಳಾ ತಟ್ಟೆಯಲ್ಲಿ ಐದು ಲೋಟ ಕಾಫಿ ಇಟ್ಟುಕೊಂಡು ಅಡುಗೆಮನೆಯಿಂದ ಬಂದಿದ್ದಳು. ಬಸವಮ್ಮ ಅವಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ತಂಗಿಯ ಕಡೆಗೆ ತಿರುಗಿದರು.

"ಮತ್ತೆ ಮಿಷನ್ ಹಾಕ್ತೀವಿ ಅಂದ್ರು ಕಣೇ. ಮಂಗಳಾ ಬೇಡ ಅಂದಳು."

ಹಾಲಿನಲ್ಲಿದ್ದ ನಾಲ್ಕೂ ಹೆಂಗಸರು ಒಟ್ಟಿಗೆ ತಲೆ ಎತ್ತಿದರು. ತಂಗಿ ಕೆನ್ನೆಗೆ ಕೈ ಇಟ್ಟುಕೊಂಡಳು. "ಶಿವನೇ! ತಾಳಿ ಕಟ್ಟಿಸಿಕೊಂಡವಳೇ?"

"ಅಜ್ಜಿ!" ಮೆಟ್ಟಿಲ ಮೇಲೆ ಕೂತಿದ್ದ ಸಾನ್ವಿ ಧಡಕ್ಕನೆ ಎದ್ದಳು. ಮುಖ ಕೆಂಪಾಗಿತ್ತು. "ಅಜ್ಜಿ, ನೀವು ಹಾಗೆ ಹೇಳ್ಬೇಡಿ. ನಾವು..."

"ಸಾನ್ವಿ," ಎಂದಳು ಸರ್ವಮಂಗಳಾ.

"ಅಮ್ಮ, ಅವರು ನಿನ್ನನ್ನ..."

"ನಾನೇ ಬೇಡ ಅಂದಿದ್ದು ಕಣೆ. ಅಜ್ಜಿ ನಿಜ ಹೇಳಿದಾರೆ."

ಅವಳು ಬಗ್ಗಿ ಒಬ್ಬೊಬ್ಬರ ಮುಂದೆ ತಟ್ಟೆ ಹಿಡಿದಳು. ಮೂವರು ಅವಳ ಮುಖ ನೋಡದೆ ಲೋಟ ತೆಗೆದುಕೊಂಡರು. ಬೀಗಿತ್ತಿ ಮಾತ್ರ, "ನನಗೆ ಬೇಡಮ್ಮ, ಈಗ ತಾನೇ ಕುಡಿದು ಬಂದೆ," ಎಂದು ಕೈ ಹಿಂದೆಳೆದುಕೊಂಡಳು. ಅತ್ತೆಗೆಂದೇ ಮಾಡಿದ್ದ ಲೋಟವನ್ನು ಸರ್ವಮಂಗಳಾ ಅವರ ಮುಂದಿಟ್ಟು, "ಸಕ್ಕರೆ ಕಮ್ಮಿ ಹಾಕಿದೀನಿ, ಬಿಸಿ ಇರೋವಾಗ್ಲೇ ಕುಡೀರಿ," ಎಂದಳು.